ಬೆಳಗಿನ ಟೂರ್ ತಗೊಂಡ್ರೆ ಆಂಟಿಲೋಪ್ ಕ್ಯಾನಿಯನ್ ನೋಡಿದ ಹಾಗಾಗಲ್ವಾ?

ಪ್ರಶ್ನೆ: ಸರ್, ನಾನು ಬಾಗಲಕೋಟೆಯವಳು, ಈಗ ಡಲ್ಲಾಸ್‌ನಲ್ಲಿದ್ದೇನೆ. ಊರಿಂದ ಅಪ್ಪ-ಅಮ್ಮ ಬಂದಿದ್ದಾರೆ. ಜುಲೈ ಮೂರನೇ ವಾರ ಲಾಸ್ ವೇಗಸ್‌ಗೆ ಹೋಗಿ, ಅಲ್ಲಿಂದ ಕಾರಲ್ಲಿ ಅರಿಜೋನಾದ ಆಂಟಿಲೋಪ್ ಕ್ಯಾನಿಯನ್, ಅಂದ್ರೆ ನೀರು ಕೊರೆದ ಆ ಕಿರಿದಾದ ಕಲ್ಲಿನ ಸೀಳು, ನೋಡಿಸೋಣ ಅಂತಿದ್ದೇವೆ. ಹಿಂದಿನ ರಾತ್ರಿ ಯೂಟಾದ ಕಾನಾಬ್‌ನಲ್ಲಿ ಉಳಿಯುತ್ತೇವೆ. ಅಪ್ಪನಿಗೆ 70, ರಿಟೈರ್ಡ್ ಹೈಸ್ಕೂಲ್ ಮೇಷ್ಟ್ರು, ಮಂಡಿನೋವು. ಅಮ್ಮನಿಗೆ 64, ಬಿಪಿ-ಶುಗರ್ ಎರಡೂ ಇದೆ, ಲಿಫ್ಟ್ ಅಂದ್ರೂ ಭಯ. ನಾನು ಬೆಳಿಗ್ಗೆ 8ರ ಟೂರ್ ನೋಡಿಟ್ಟಿದ್ದೆ. ಸ್ನೇಹಿತರು, "ಬೆಳಿಗ್ಗೆ ಹೋದ್ರೆ ದುಡ್ಡು ದಂಡ, ಮೇಲಿನ ಕಿಂಡಿಯಿಂದ ಬೆಳಕಿನ ಕಂಬ ಬೀಳೋದು ಮಧ್ಯಾಹ್ನ ಮಾತ್ರ" ಅಂತಾರೆ. ಅಷ್ಟರಲ್ಲಿ ಅತ್ತೆ ವಾಟ್ಸಾಪಲ್ಲಿ ಅಲ್ಲಿನ ಪ್ರವಾಹದ ವಿಡಿಯೋ ಕಳಿಸಿದ್ರು, ಅಮ್ಮ "ನಾ ಬರೂದಿಲ್ಲ" ಅಂತ ಕೂತಿದ್ದಾರೆ. ಅಲ್ಲಿ ಅಪ್ಪರ್, ಲೋವರ್ ಅಂತ ಎರಡು ಭಾಗ ಇದೆಯಂತೆ; ನಮ್ಮನೆಯವರು ಲೋವರ್ ಕ್ಯಾನಿಯನ್ ಸಾಕು, ಅಗ್ಗ ಅಂತಾರೆ. ಅಪ್ಪ ಅಂತೂ, "ನಮ್ಮ ಬಾದಾಮಿ ಕಲ್ಲೂ ಹಿಂಗ ಅದಲ್ಲ, ಅಷ್ಟು ದೂರ ಯಾಕ?" ಅಂತಾರೆ. ಏನು ಮಾಡಲಿ?

ಉತ್ತರ: ನಿಮ್ಮ ಪತ್ರದಲ್ಲಿ ನಾಲ್ಕೈದು ಪ್ರಶ್ನೆಗಳಿವೆ. ಆದರೆ ನಿಮ್ಮನ್ನು ನಿಜವಾಗಿ ಕಾಡುತ್ತಿರುವುದು ಎರಡೇ ಅನಿಸುತ್ತದೆ. ಅಮ್ಮನನ್ನು ಅಪಾಯಕ್ಕೆ ಒಡ್ಡುತ್ತಿದ್ದೇನಾ ಅನ್ನೋದು ಒಂದು. ಇಷ್ಟು ದೂರ ಹೋಗಿ ನೋಡಬೇಕಾದ್ದನ್ನೇ ನೋಡದೆ ಬರ್ತೀವಾ ಅನ್ನೋದು ಇನ್ನೊಂದು. ಎರಡಕ್ಕೂ ನನ್ನ ಉತ್ತರ ಒಂದೇ: ಬೆಳಗಿನ ಟೂರ್ ತಗೊಳ್ಳಿ. ಸಿಕ್ಕರೆ 8ಕ್ಕಿಂತಲೂ ಮುಂಚಿನದನ್ನೇ ತಗೊಳ್ಳಿ. ನಾನು ಭೂವಿಜ್ಞಾನ ಕಲಿಸುವವನು. ಆ ಸೀಮೆಯ ಕಲ್ಲಿನ ಸೀಳುಗಳಿಗೆ ವರ್ಷಗಟ್ಟಲೆ ವಿದ್ಯಾರ್ಥಿಗಳನ್ನು ಕರೆದುಕೊಂಡು ಹೋಗಿದ್ದೇನೆ. ಜುಲೈ, ಆಗಸ್ಟ್‌ನಲ್ಲಿ ಮಧ್ಯಾಹ್ನದ ಟೂರನ್ನು ನಾನಾಗಿ ಆರಿಸಿಕೊಳ್ಳುವುದಿಲ್ಲ.

ಮೊದಲು ಅಮ್ಮನ ಭಯದ ಬಗ್ಗೆ ಮಾತಾಡೋಣ. ಅದನ್ನು "ಸುಮ್ನೆ ಹೆದರ್ತೀಯಾ" ಅಂತ ತಳ್ಳಿಹಾಕಬೇಡಿ. ಆ ಭಯಕ್ಕೆ ಕಾರಣ ಇದೆ. 1997ರ ಆಗಸ್ಟ್ 12ರಂದು ಲೋವರ್ ಆಂಟಿಲೋಪ್ ಕ್ಯಾನಿಯನ್‌ನಲ್ಲಿ ದಿಢೀರ್ ಪ್ರವಾಹ ಬಂದು 11 ಪ್ರವಾಸಿಗರು ತೀರಿಕೊಂಡರು. ಆ ದಿನ ಕ್ಯಾನಿಯನ್ ಇರುವ ಜಾಗದಲ್ಲಿ ಮಳೆ ಬಿದ್ದದ್ದೇ ಕಡಿಮೆ. ಮಳೆ ಸುರಿದದ್ದು ಹಲವು ಮೈಲಿ ದೂರದಲ್ಲಿ, ಹಳ್ಳದ ಮೇಲ್ಭಾಗದಲ್ಲಿ. ಒಳಗೆ ಇಳಿಯಲು ಆಗ ಇದ್ದದ್ದು ಮರದ ಏಣಿಗಳು. ನೀರು ಅವನ್ನೂ ಕೊಚ್ಚಿಕೊಂಡು ಹೋಯಿತು.

"ತಲೆ ಮೇಲೆ ಆಕಾಶ ನೀಲಿಯಾಗಿದೆ, ಏನೂ ಆಗಲ್ಲ" ಅನ್ನುವುದು ನಾನು ಕೇಳಿರುವ ಅತಿ ಅಪಾಯದ ಮಾತು. ನಮ್ಮ ಕಡೆ ಮಳೆ ಬಂದರೆ ಮಣ್ಣು ಸ್ವಲ್ಪವಾದರೂ ಕುಡಿಯುತ್ತದೆ. ಹೊಲ ಇರುತ್ತದೆ, ಬದು ಇರುತ್ತದೆ, ಕೆರೆ ಇರುತ್ತದೆ. ಅಲ್ಲಿ ಎಕರೆಗಟ್ಟಲೆ ಬೋಳು ಕಲ್ಲು, ಅದರ ಮೇಲೆ ತೆಳ್ಳಗೆ ಮರಳು. ಬಿದ್ದ ನೀರೆಲ್ಲ ಜಾರುತ್ತದೆ. ಅಗಲವಾದ ಹಳ್ಳದಲ್ಲಿ ಮೊಣಕಾಲುದ್ದ ಹರಿಯುವ ನೀರು ನಾಲ್ಕಡಿ ಅಗಲದ ಸೀಳಿಗೆ ನುಗ್ಗಿದರೆ ಏನಾಗುತ್ತದೆ? ಲಾಳಿಕೆಗೆ ಬಿಂದಿಗೆ ನೀರು ಒಮ್ಮೆಲೇ ಸುರಿದ ಹಾಗೆ. ಪಕ್ಕಕ್ಕೆ ಹೋಗಲು ಜಾಗವಿಲ್ಲ, ಮೇಲಕ್ಕೇ ಏರಬೇಕು. ಅದೂ ಬರೀ ನೀರಲ್ಲ. ಮರಳು, ಕಲ್ಲು, ಕಟ್ಟಿಗೆ ಎಲ್ಲ ಸೇರಿ ಬರುತ್ತದೆ. ಅಲ್ಲಿನ ಮೂಲನಿವಾಸಿಗಳಾದ ನವಾಹೋ ಜನರು ಅಪ್ಪರ್ ಕ್ಯಾನಿಯನ್‌ಗೆ ತಮ್ಮ ಭಾಷೆಯಲ್ಲಿ ಇಟ್ಟ ಹೆಸರಿನ ಅರ್ಥವೇ "ಕಲ್ಲಿನ ನಡುವೆ ನೀರು ಹರಿಯುವ ಜಾಗ".

1997ರ ನಂತರ ಬದಲಾವಣೆಗಳಾಗಿವೆ. ಈಗ ಗೈಡ್ ಇಲ್ಲದೆ ಯಾರನ್ನೂ ಒಳಗೆ ಬಿಡುವುದಿಲ್ಲ. ಲೋವರ್‌ನಲ್ಲಿ ಕಲ್ಲಿಗೆ ಬೋಲ್ಟ್ ಹಾಕಿದ ಲೋಹದ ಮೆಟ್ಟಿಲುಗಳಿವೆ. ಹವಾಮಾನ ಇಲಾಖೆಯ ರೇಡಿಯೋ ಎಚ್ಚರಿಕೆಗಳನ್ನು ಕೇಳುತ್ತಿರುತ್ತಾರೆ, ಸೈರನ್ ಇಟ್ಟಿದ್ದಾರೆ. ಮೇಲ್ಭಾಗದಲ್ಲಿ ಮಳೆಯ ಸೂಚನೆ ಬಂದರೆ ಟೂರ್ ನಿಲ್ಲಿಸುತ್ತಾರೆ. ಹಾಗಂತ ನೀರು ಬರೋದು ನಿಂತಿಲ್ಲ. 2006ರ ಅಕ್ಟೋಬರ್ ಕೊನೆಯಲ್ಲಿ ಬಂದ ಪ್ರವಾಹ 36 ಗಂಟೆ ಹರಿಯಿತು. ಒಳಗೆ ತುಂಬಿದ್ದನ್ನೆಲ್ಲ ತೆಗೆಯಲು ಲೋವರ್ ಕ್ಯಾನಿಯನ್ ಐದು ತಿಂಗಳು ಮುಚ್ಚಿತ್ತು. 2010ರ ಜುಲೈನಲ್ಲಿ ಕೆಲವು ಪ್ರವಾಸಿಗರು ಅಪ್ಪರ್ ಕ್ಯಾನಿಯನ್‌ನಲ್ಲಿ ಕಲ್ಲಿನ ಚಾಚಿನ ಮೇಲೆ ಸಿಕ್ಕಿಕೊಂಡಿದ್ದರು. ಗೈಡ್ ಇದ್ದರೆ ಅಪಾಯ ಬಹಳ ಕಡಿಮೆಯಾಗುತ್ತದೆ. ಸೊನ್ನೆಯಾಗುತ್ತದೆ ಅಂತ ನಾನು ಹೇಳಲಾರೆ.

ಈಗ ಬೆಳಗಿನ ವಿಷಯಕ್ಕೆ ಬರೋಣ. ಆ ಸೀಮೆಗೂ ಒಂದು ಮಳೆಗಾಲ ಇದೆ, ಅವರೂ ಅದನ್ನು ಮಾನ್ಸೂನ್ ಅಂತಲೇ ಕರೆಯುತ್ತಾರೆ. ಲೆಕ್ಕಕ್ಕೆ ಜೂನ್ 15ರಿಂದ ಸೆಪ್ಟೆಂಬರ್ 30ರವರೆಗೆ. ಜುಲೈ, ಆಗಸ್ಟ್ ಅದರ ಉಚ್ಛ್ರಾಯ. ಬೆಳಿಗ್ಗೆ ಎದ್ದಾಗ ಆಕಾಶ ತೊಳೆದಿಟ್ಟ ಹಾಗೆ ಇರುತ್ತದೆ. ಬಿಸಿಲು ಏರಿದಂತೆ ನೆಲ ಕಾಯುತ್ತದೆ, ಬಿಸಿಗಾಳಿ ತೇವವನ್ನು ಎತ್ತಿಕೊಂಡು ಮೇಲೇರುತ್ತದೆ. ಹನ್ನೊಂದರ ಹೊತ್ತಿಗೆ ದಿಗಂತದಲ್ಲಿ ಹೂಕೋಸಿನ ಥರ ಬಿಳಿ ಮೋಡ, ಎರಡು ಮೂರರ ಹೊತ್ತಿಗೆ ಗುಡುಗು. ನಮ್ಮ ಬಯಲುಸೀಮೆಯ ಏಪ್ರಿಲ್-ಮೇ ತಿಂಗಳ ಅಡ್ಡಮಳೆ ಹೇಗೆ ಸಂಜೆಗೇ ಬರುತ್ತೋ, ಹೆಚ್ಚು ಕಡಿಮೆ ಹಾಗೆ. ಬೆಳಿಗ್ಗೆ ಮಳೆ ಬರುವುದೇ ಇಲ್ಲ ಅಂತಲ್ಲ. ಹಿಂದಿನ ರಾತ್ರಿ ಜೋರಾಗಿ ಸುರಿದಿದ್ದರೆ ಬೆಳಿಗ್ಗೆಯೂ ನೀರಿರಬಹುದು. ಆದರೂ ಬೆಳಗಿನ ಗಂಟೆಗಳೇ ಹೆಚ್ಚು ಸುರಕ್ಷಿತ. ಬಿಸಿಲಿನ ಲೆಕ್ಕದಲ್ಲೂ ಅದೇ. ಜುಲೈ ಮಧ್ಯಾಹ್ನ ಅಲ್ಲಿ 36-38 ಡಿಗ್ರಿ ಮಾಮೂಲಿ.

ಇನ್ನು ಬೆಳಕಿನ ಕಂಬ. ನಿಮ್ಮ ಸ್ನೇಹಿತರು ಹೇಳಿದ್ದು ಸುಳ್ಳಲ್ಲ. ಸುಮಾರು ಮಾರ್ಚ್ ಕೊನೆಯಿಂದ ಅಕ್ಟೋಬರ್ ಮೊದಲ ವಾರದವರೆಗೆ ಮಧ್ಯಾಹ್ನದ ಆಸುಪಾಸು ಅಪ್ಪರ್ ಕ್ಯಾನಿಯನ್‌ನ ಮೇಲಿನ ಕಿಂಡಿಯಿಂದ ಬಿಸಿಲು ನೇರ ನೆಲಕ್ಕಿಳಿಯುತ್ತದೆ. ಗಾಳಿಯಲ್ಲಿ ಮರಳಿನ ಧೂಳು ಇದ್ದಾಗ ಕಂಬ ಎದ್ದು ಕಾಣುತ್ತದೆ. ಚೆಂದ ಇರುತ್ತದೆ, ನಾನೂ ನೋಡಿದ್ದೇನೆ. ಆದರೆ ಅದೇ ಹೊತ್ತಿಗೆ ಎಲ್ಲರೂ ಬರುತ್ತಾರೆ, ಟಿಕೆಟ್ ದರವೂ ಜಾಸ್ತಿ. ಒಂದು ಗುಂಪು ಫೋಟೋ ತೆಗೆಯುವಾಗ ಇನ್ನೊಂದು ಗುಂಪು ಹಿಂದೆ ಕಾಯುತ್ತಿರುತ್ತದೆ. ಧೂಳು ಬೇರೆ. ನಿಂತು ಕಣ್ತುಂಬ ನೋಡುವುದಕ್ಕೆ ಪುರುಸೊತ್ತೇ ಸಿಗುವುದಿಲ್ಲ.

ಬೆಳಿಗ್ಗೆ ಕಂಬ ಇಲ್ಲ, ನಿಜ. ಬೇರೆ ಒಂದು ನಡೆಯುತ್ತದೆ. ಸೂರ್ಯ ಕೆಳಗಿರುವುದರಿಂದ ಬಿಸಿಲು ಸೀಳಿನ ಮೇಲಂಚಿಗೆ ಮಾತ್ರ ತಾಗುತ್ತದೆ. ಅಲ್ಲಿಂದ ಎದುರು ಗೋಡೆಗೆ, ಆ ಗೋಡೆಯಿಂದ ಈ ಗೋಡೆಗೆ ಪುಟಿಯುತ್ತಾ ಕೆಳಗಿಳಿಯುತ್ತದೆ. ಪ್ರತಿ ಸಲ ಕಲ್ಲಿಗೆ ತಾಗಿದಾಗಲೂ ಬೆಳಕಿನ ನೀಲಿ ಪಾಲು ಸ್ವಲ್ಪ ಕಳೆಯುತ್ತದೆ, ಕೆಂಪು ಪಾಲು ಉಳಿಯುತ್ತದೆ. ಮೇಲೆ ಹಳದಿ ಇದ್ದದ್ದು ನಡುವೆ ಕಿತ್ತಳೆ, ಇನ್ನೂ ಕೆಳಗೆ ಕೆಂಡದ ಬಣ್ಣ. ಬಿಸಿಲೇ ತಾಗದೆ ಬರೀ ಆಕಾಶದ ಬೆಳಕು ಬೀಳುವ ಮೂಲೆಗಳಲ್ಲಿ ನೇರಳೆ. ಕಲ್ಲೆಲ್ಲಾ ಒಂದೇ, ಬೆಳಕು ಬಂದ ದಾರಿ ಬೇರೆ ಅಷ್ಟೇ. ನೇರ ಬಿಸಿಲು ಬಿದ್ದ ಜಾಗದಲ್ಲಿ ಇದು ಕಾಣುವುದಿಲ್ಲ, ಬಣ್ಣ ತೊಳೆದು ಹೋಗಿರುತ್ತದೆ. ಕಂಬದ ಫೋಟೋ ಬೇಕೇ ಬೇಕು ಅನ್ನುವವರು ಮಧ್ಯಾಹ್ನ ಹೋಗಲಿ. ಬಣ್ಣ ನೋಡಬೇಕು ಅನ್ನುವವರಿಗೆ ಬೆಳಿಗ್ಗೆಯೇ ಸರಿ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಇಂಟರ್ನೆಟ್‌ನಲ್ಲಿ ಕಾಣುವ ಉರಿಯುವ ಕಿತ್ತಳೆ ಬಣ್ಣ ಕಣ್ಣಿಗೆ ಅಷ್ಟು ಗಾಢವಾಗಿ ಕಾಣುವುದಿಲ್ಲ. ಫೋನ್ ಕ್ಯಾಮೆರಾ ಅದನ್ನು ಹೆಚ್ಚಿಸುತ್ತದೆ. ಗೈಡ್‌ಗಳೇ ನಿಮ್ಮ ಫೋನ್ ಇಸ್ಕೊಂಡು ಸೆಟಿಂಗ್ ಬದಲಾಯಿಸಿ ಕೊಡುತ್ತಾರೆ. ಕಣ್ಣಿಗೆ ಕಾಣುವುದು ಮೆತ್ತಗಿನ ಬಣ್ಣ, ಏಲಕ್ಕಿ ಹಾಕಿದ ಹಾಲಿಗೆ ಕೇಸರಿ ಬಿಟ್ಟ ಹಾಗೆ. ನನಗೆ ಅದೇ ಇಷ್ಟ.

ಅಪ್ಪರ್, ಲೋವರ್ ಎರಡರಲ್ಲಿ ಯಾವುದು? ನಿಮ್ಮ ಮನೆಯವರು ಹೇಳುವ ಹಾಗೆ ಲೋವರ್ ಸಾಮಾನ್ಯವಾಗಿ ಅಗ್ಗ, ಉದ್ದವೂ ಜಾಸ್ತಿ, ಸುಮಾರು 400 ಮೀಟರ್. ಆದರೆ ಶುರುವಾಗುವುದೇ ಕಡಿದಾದ ಲೋಹದ ಮೆಟ್ಟಿಲಿಂದ. ಒಳಗೂ ಅಲ್ಲಲ್ಲಿ ಏಣಿಯಂಥ ಮೆಟ್ಟಿಲುಗಳಿವೆ. ಅದರ ಆಕಾರ ಮೇಲೆ ಅಗಲ, ಕೆಳಗೆ ಕಿರಿದು. ಅಂದರೆ ಕಾಲಿಡುವ ಜಾಗವೇ ಇಕ್ಕಟ್ಟು, ಕೆಲವು ಕಡೆ ಒಂದು ಹೆಜ್ಜೆ ಮುಂದೆ ಒಂದು ಹೆಜ್ಜೆ ಇಟ್ಟು ನಡೆಯಬೇಕು. ಅಪ್ಪನ ಮಂಡಿಗೂ ಅಮ್ಮನ ಭಯಕ್ಕೂ ಅದು ಹೊಂದುವುದಿಲ್ಲ.

ಅಪ್ಪರ್ ಸುಮಾರು 200 ಮೀಟರ್. ನೆಲಮಟ್ಟದಲ್ಲೇ ಒಳಗೆ ಹೋಗಬಹುದು, ಕಾಲಡಿ ಮರಳು. ಕೆಳಗೆ ಅಗಲ, ಮೇಲೆ ಕಿರಿದು. ನಡುನಡುವೆ ಕೋಣೆಯ ಥರ ಜಾಗಗಳಿವೆ, ಉಸಿರು ಕಟ್ಟುವಂಥ ಇಕ್ಕಟ್ಟಿಲ್ಲ. ಆದರೆ ಇಲ್ಲೂ ಎರಡು ತೊಡಕುಗಳಿವೆ, ಹಳೆಯ ಪ್ರವಾಸಕಥನ ಓದಿದವರಿಗೆ ಇವು ಗೊತ್ತಿರುವುದಿಲ್ಲ. ಮೊದಲೆಲ್ಲ ಹೋದ ದಾರಿಯಲ್ಲೇ ವಾಪಸ್ ಬರುತ್ತಿದ್ದರು. ಈಗ ಏಕಮುಖ ದಾರಿ. ಆ ಕಡೆ ಹೊರಬಿದ್ದ ಮೇಲೆ ಲೋಹದ ಮೆಟ್ಟಿಲು, ಇಳಿಜಾರು ಹಲಗೆಗಳ ಮೇಲೆ ಬಿಸಿಲಲ್ಲಿ ನಡೆದು ವಾಪಸ್ ಬರಬೇಕು. ಅಪ್ಪ ಮನೆಯಲ್ಲಿ ಎರಡು ಮಹಡಿ ಮೆಟ್ಟಿಲು ನಿಧಾನಕ್ಕೆ ಹತ್ತಿ ಇಳಿಯುತ್ತಾರಾ? ಹಾಗಿದ್ದರೆ ತೊಂದರೆಯಿಲ್ಲ, ಕೈಹಿಡಿ ಇದೆ. ಇಲ್ಲದಿದ್ದರೆ ಬುಕ್ ಮಾಡುವ ಮುಂಚೆ ಟೂರ್ ಕಂಪನಿಗೆ ಫೋನ್ ಮಾಡಿ ಸ್ಪಷ್ಟವಾಗಿ ಕೇಳಿ. ಎರಡನೆಯದು, ಕ್ಯಾನಿಯನ್ ಬಾಯಿಗೆ ಹೋಗುವ ಗಾಡಿ ಮೂರು ಮೈಲಿಯಷ್ಟು ಮರಳು ಹಳ್ಳದಲ್ಲಿ ಕುಲುಕಾಡುತ್ತದೆ. ಸೊಂಟನೋವಿದ್ದರೆ ಮುಂದಿನ ಸೀಟು ಕೇಳಿ ತಗೊಳ್ಳಿ, ನಾಚಿಕೊಳ್ಳಬೇಡಿ.

ಅಮ್ಮನ ಬಗ್ಗೆ ಒಂದು ಉಪಾಯ ಹೇಳುತ್ತೇನೆ. ಲಿಫ್ಟ್ ಭಯ ಇದ್ದವರು ಎಲ್ಲರೂ ಇಲ್ಲಿ ಹೆದರುವುದಿಲ್ಲ, ಮೇಲೆ ಆಕಾಶ ಕಾಣುತ್ತಿರುತ್ತದಲ್ಲ. ನನ್ನ ಜೊತೆ ಬಂದ ಒಬ್ಬರು ಬಾಗಿಲಲ್ಲೇ ನಿಂತುಬಿಟ್ಟಿದ್ದರು. "ಮೊದಲ ಕೋಣೆಯವರೆಗೆ ಮಾತ್ರ ಬನ್ನಿ, ಇಷ್ಟವಾಗದಿದ್ದರೆ ಅಲ್ಲಿಂದಲೇ ತಿರುಗೋಣ" ಅಂದೆ. ಅವರು ಬಂದರು, ಗೋಡೆಗೆ ಅಂಗೈ ಇಟ್ಟರು, "ತಣ್ಣಗಿದೆ" ಅಂದರು. ಆಮೇಲೆ ಅವರೇ ಮುಂದೆ ನಡೆದರು. ಅಮ್ಮನಿಗೂ ಹಾಗೇ ಹೇಳಿ. ಹೊರಡುವಾಗಲೇ ಗೈಡ್‌ಗೆ ತಿಳಿಸಿಡಿ, ಏಕಮುಖ ದಾರಿಯಾದ್ದರಿಂದ ಅರ್ಧದಲ್ಲಿ ತಿರುಗುವುದು ಕಷ್ಟ. ತಿರುಗುವುದಿದ್ದರೆ ಮೊದಲ ಕೋಣೆಯಲ್ಲೇ ನಿರ್ಧಾರವಾಗಬೇಕು. ಅವರು ಬೇಡ ಅಂದರೆ ಬಲವಂತ ಮಾಡಬೇಡಿ.

ಔಷಧದ ವಿಷಯಕ್ಕೆ ಡಾಕ್ಟರನ್ನೇ ಕೇಳಿ. ನಾನು ಕಂಡದ್ದನ್ನಷ್ಟೇ ಹೇಳುತ್ತೇನೆ. ಜನ ತಲೆಸುತ್ತಿ ಕೂರುವುದು ಒಳಗಲ್ಲ, ಹೊರಗೆ ಕಾಯುವಾಗ. ಬೆಳಿಗ್ಗೆ ಬೇಗ ಹೊರಡುವ ಗಡಿಬಿಡಿಯಲ್ಲಿ ತಿಂಡಿ ತಿಂದಿರುವುದಿಲ್ಲ, ನೀರು ಕುಡಿದಿರುವುದಿಲ್ಲ. ಅಮ್ಮನ ಬಿಪಿ ಮಾತ್ರೆಯಲ್ಲಿ ಮೂತ್ರ ಹೆಚ್ಚಿಸುವ ಅಂಶ ಇದ್ದರೆ ಆ ಬಿಸಿಲಲ್ಲಿ ಮೈನೀರು ಬೇಗ ಇಳಿಯುತ್ತದೆ, ಇದನ್ನು ಮೊದಲೇ ವಿಚಾರಿಸಿಕೊಳ್ಳಿ. ಒಳಗೆ ಬ್ಯಾಗ್ ಬಿಡುವುದಿಲ್ಲ. ಟ್ರೈಪಾಡ್, ಸೆಲ್ಫಿ ಸ್ಟಿಕ್ಕೂ ಇಲ್ಲ. ಕೈಯಲ್ಲಿ ನೀರಿನ ಬಾಟಲಿ, ಶುಗರ್ ತೀರಾ ಇಳಿದರೆ ಅಂತ ಜೇಬಲ್ಲಿ ಎರಡು ಪೆಪ್ಪರ್‌ಮಿಂಟ್ ಅಥವಾ ಬೆಲ್ಲದ ಚೂರು ಇರಲಿ. ಇನ್ಸುಲಿನ್ ಜೊತೆಗೆ ಇರಲೇಬೇಕಾದರೆ ಕಂಪನಿಗೆ ಮುಂಚೆಯೇ ಹೇಳಿ ಒಪ್ಪಿಗೆ ತಗೊಳ್ಳಿ. ಚಪ್ಪಲಿ ಬೇಡ, ಬೆರಳು ಮುಚ್ಚುವ ಶೂ ಹಾಕಿಸಿ. ಸೀರೆ ಉಡುವುದಾದರೆ ಮೆಟ್ಟಿಲಿಗೆ ತೊಡರದ ಹಾಗೆ ಸ್ವಲ್ಪ ಎತ್ತಿ ಉಡಲಿ, ಚೂಡಿದಾರ್ ಆದರೆ ಇನ್ನೂ ಸಲೀಸು.

ನೀವು ಕೇಳದ ಒಂದು ವಿಷಯ ಇದೆ, ಅದರಿಂದಲೇ ಅನೇಕರ ಟೂರ್ ತಪ್ಪುತ್ತದೆ: ಗಡಿಯಾರ. ಬೇಸಿಗೆಯಲ್ಲಿ ಅಮೆರಿಕದ ಹೆಚ್ಚಿನ ರಾಜ್ಯಗಳು ಗಡಿಯಾರ ಒಂದು ಗಂಟೆ ಮುಂದಿಡುತ್ತವೆ, ಅರಿಜೋನಾ ಇಡುವುದಿಲ್ಲ. ಆದರೆ ಅರಿಜೋನಾದೊಳಗೇ ಇರುವ ನವಾಹೋ ನಾಡು ಮುಂದಿಡುತ್ತದೆ! ಆಂಟಿಲೋಪ್ ಕ್ಯಾನಿಯನ್ ನವಾಹೋ ನೆಲದಲ್ಲಿದ್ದರೂ ಅಲ್ಲಿನ ಟೂರ್‌ಗಳು ಪಕ್ಕದ ಪೇಜ್ ಊರಿನ ಹಾಗೆ ಅರಿಜೋನಾ ಸಮಯದಲ್ಲೇ ನಡೆಯುತ್ತವೆ. ನೀವು ಉಳಿಯುವ ಕಾನಾಬ್ ಯೂಟಾದಲ್ಲಿದೆ, ಅಲ್ಲಿ ಒಂದು ಗಂಟೆ ಮುಂದೆ. ಅಲ್ಲಿಂದ ಪೇಜ್‌ಗೆ ಒಂದೂಕಾಲು ಗಂಟೆ ದಾರಿ. ಕಾನಾಬ್‌ನ ಗಡಿಯಾರದಲ್ಲಿ 7ಕ್ಕೆ ಹೊರಟರೆ ಪೇಜ್ ಗಡಿಯಾರದಲ್ಲಿ 7:15ಕ್ಕೇ ತಲುಪುತ್ತೀರಿ. ಅಂದರೆ ಗೊಂದಲವಾದರೂ ನೀವು ಬೇಗ ಹೋಗಿ ಕೂರುತ್ತೀರಿ ಅಷ್ಟೇ. ನಿಜವಾದ ಎಡವಟ್ಟು ಆಗುವುದು ಅಲ್ಲಿಂದ ಮಾನ್ಯುಮೆಂಟ್ ವ್ಯಾಲಿಗೆ ಹೊರಟಾಗ. ಅಲ್ಲಿ ನವಾಹೋ ಸಮಯ. ಪೇಜ್‌ನಲ್ಲಿ ಉಳಿದು ಅಲ್ಲಿ ಬೆಳಿಗ್ಗೆ 8ರ ಟೂರ್ ಹಿಡಿಯಬೇಕಾದರೆ, ಎರಡು ಗಂಟೆಯ ದಾರಿ, ಪೇಜ್ ಗಡಿಯಾರದಲ್ಲಿ 5ಕ್ಕೆ ಹೊರಡಬೇಕು. ಫೋನ್ ಯಾವ ಟವರ್ ಹಿಡಿಯುತ್ತೋ ಆ ಸಮಯ ತೋರಿಸುತ್ತದೆ, ಅದನ್ನು ನಂಬಬೇಡಿ. ಅಪ್ಪನ ಕೈಗಡಿಯಾರವನ್ನು ಪೇಜ್ ಸಮಯಕ್ಕೆ ಇಟ್ಟು ಅದನ್ನೇ ನೋಡಿಕೊಳ್ಳಿ.

ಮಾನ್ಯುಮೆಂಟ್ ವ್ಯಾಲಿಯ ಹೆಸರು ಸುಮ್ಮನೆ ತೆಗೆದದ್ದಲ್ಲ. ಅಮ್ಮ ಸೀಳಿನೊಳಗೆ ಬರಲೇ ಒಲ್ಲೆ ಅಂದರೆ, ಅಥವಾ ಆ ದಿನ ಮಳೆಯ ಮುನ್ಸೂಚನೆಗೆ ಟೂರ್ ರದ್ದಾದರೆ, ನಾನು ಕಳಿಸುವುದು ಅಲ್ಲಿಗೆ. ಅದೂ ನವಾಹೋ ಜನರದೇ ಉದ್ಯಾನ. ಬಟ್ಟಬಯಲಲ್ಲಿ ಕೆಂಪು ಕಲ್ಲಿನ ಗೋಪುರಗಳು. ತೆರೆದ ಜೀಪಿನಲ್ಲಿ ಕೂತು ನೋಡಬಹುದು, ಮೆಟ್ಟಿಲಿಲ್ಲ, ಇಕ್ಕಟ್ಟಿಲ್ಲ. ಬೆಳಿಗ್ಗೆ ಅಲ್ಲಿ ನೆರಳುಗಳು ಉದ್ದುದ್ದ ಮಲಗಿರುತ್ತವೆ. ಧೂಳು ಮಾತ್ರ ಜಾಸ್ತಿ, ಮುಖಕ್ಕೆ ಒಂದು ದುಪಟ್ಟಾ ಇರಲಿ. ಬುಕ್ ಮಾಡುವ ಮೊದಲು ರದ್ದಾದರೆ ದುಡ್ಡು ವಾಪಸ್ ಬರುತ್ತಾ ಅನ್ನುವುದನ್ನು ಓದಿಕೊಳ್ಳಿ. ಗೈಡ್ "ಇವತ್ತು ಬೇಡ" ಅಂದರೆ ವಾದಕ್ಕೆ ಇಳಿಯಬೇಡಿ. ಆ ಹಳ್ಳದ ಗುಣ ಅವರಿಗೆ ಗೊತ್ತು.

ಕೊನೆಗೆ ಅಪ್ಪನ ಪ್ರಶ್ನೆ. ನಿಜ ಹೇಳಬೇಕೆಂದರೆ ನಿಮ್ಮ ಪತ್ರದಲ್ಲಿ ನನಗೆ ಹೆಚ್ಚು ಇಷ್ಟವಾದದ್ದು ಇದೇ.

ಅವರಿಗೆ ಹೇಳಿ: ಎರಡೂ ಮರಳುಗಲ್ಲು, ಎರಡರ ಕೆಂಪಿಗೂ ಕಾರಣ ಕಬ್ಬಿಣದ ತುಕ್ಕು. ಅಲ್ಲಿಗೆ ನೆಂಟಸ್ತಿಕೆ ಮುಗಿಯಿತು. ಬಾದಾಮಿಯ ಮರಳನ್ನು ತಂದು ಹಾಕಿದ್ದು ಬಹುತೇಕ ನದಿಗಳು. ಅಲ್ಲಿನ ಬಂಡೆಗಳಲ್ಲಿ ಕೆಲವು ಕಡೆ ಸಣ್ಣ ಬೆಣಚುಕಲ್ಲುಗಳ ಸಾಲು ಸಿಗುತ್ತದೆ, ಅಪ್ಪ ನೋಡಿಯೇ ಇರುತ್ತಾರೆ. ಬೆಣಚುಕಲ್ಲನ್ನು ನೀರು ಉರುಳಿಸಬಲ್ಲದು, ಗಾಳಿ ಹೊರಲಾರದು. ಆಂಟಿಲೋಪ್‌ನ ಕಲ್ಲನ್ನು ನವಾಹೋ ಮರಳುಗಲ್ಲು ಅನ್ನುತ್ತಾರೆ. ಸುಮಾರು 19 ಕೋಟಿ ವರ್ಷದ ಹಿಂದೆ ಅಲ್ಲಿ ದೊಡ್ಡ ಮರುಭೂಮಿ ಇತ್ತು, ಗಾಳಿ ಕಟ್ಟಿದ ಮರಳುದಿಬ್ಬಗಳೇ ಗಟ್ಟಿಯಾಗಿ ಕಲ್ಲಾದವು. ಗೋಡೆಯ ಮೇಲೆ ಓರೆಯಾಗಿ ಇಳಿಯುವ ಗೆರೆಗಳು ಕಾಣುತ್ತವಲ್ಲ, ಒಂದೊಂದು ಗೆರೆಯೂ ದಿಬ್ಬದ ಮರೆಬದಿಯಲ್ಲಿ ಮರಳು ಜಾರಿದ ಗುರುತು. ಗೆರೆ ವಾಲಿದ ದಿಕ್ಕು ನೋಡಿದರೆ ಆಗ ಗಾಳಿ ಯಾವ ಕಡೆಗೆ ಬೀಸುತ್ತಿತ್ತು ಅನ್ನುವುದನ್ನು ಹೇಳಬಹುದು. ಆ ಮರಳಿನ ಒಂದಷ್ಟು ಪಾಲು ಖಂಡದ ಇನ್ನೊಂದು ತುದಿಯ ಅಪಲೇಚಿಯನ್ ಬೆಟ್ಟಗಳಿಂದ ನದಿಗಳಲ್ಲಿ ಬಂದು, ಆಮೇಲೆ ಗಾಳಿಗೆ ಸಿಕ್ಕಿದ್ದು. ಅದರೊಳಗಿನ ಜಿರ್ಕಾನ್ ಎಂಬ ಖನಿಜದ ಕಣಗಳ ವಯಸ್ಸು ಅಳೆದು ಇದನ್ನು ಕಂಡುಹಿಡಿದರು.

ವಯಸ್ಸಿನಲ್ಲಿ ಮಾತ್ರ ಬಾದಾಮಿಯೇ ದೊಡ್ಡಣ್ಣ. ಆ ಮರಳು ಬಿದ್ದ ಕಾಲಕ್ಕೆ ನೆಲದ ಮೇಲೆ ಹುಲ್ಲು, ಗಿಡ, ಮರ ಒಂದೂ ಹುಟ್ಟಿರಲಿಲ್ಲ. ನವಾಹೋ ದಿಬ್ಬಗಳ ಕಾಲಕ್ಕೆ ಡೈನೋಸಾರ್‌ಗಳು ಓಡಾಡುತ್ತಿದ್ದವು, ಅವುಗಳ ಹೆಜ್ಜೆಗುರುತು ಅದೇ ಕಲ್ಲಿನಲ್ಲಿ ಬೇರೆ ಬೇರೆ ಕಡೆ ಸಿಕ್ಕಿವೆ.

ನನ್ನ ಕೈಲೆನ್ಸ್‌ನಲ್ಲಿ ಈ ಮರಳನ್ನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ಕಣಗಳು ರಾಗಿಗಿಂತ ಎಷ್ಟೋ ಸಣ್ಣವು, ಆದರೆ ರಾಗಿಯಷ್ಟೇ ದುಂಡಗೆ. ಮೈ ಹೊಳೆಯುವುದಿಲ್ಲ, ಉಜ್ಜಿದ ಗಾಜಿನ ಹಾಗೆ ಮಂಕು. ಗಾಳಿಯಲ್ಲಿ ಒಂದಕ್ಕೊಂದು ಬಡಿದು ಹಾಗಾದದ್ದು. ಮೇಲೆ ತೆಳ್ಳಗೆ ಕೆಂಪು ಲೇಪ. ಕ್ಯಾನಿಯನ್ ಒಳಗೆ ಕಲ್ಲು ಕೆರೆಯುವುದು, ಮರಳು ತುಂಬಿಕೊಳ್ಳುವುದು ಎರಡೂ ತಪ್ಪು, ಹಾಗೆ ಮಾಡಬೇಡಿ. ಟೂರ್ ಮುಗಿಸಿ ಬಂದ ಮೇಲೆ ಅಪ್ಪನ ಶೂ ಒಳಗೆ ಹೇಗೂ ಒಂದಷ್ಟು ಸೇರಿರುತ್ತದೆ. ಅಲ್ಲೇ ಅದನ್ನು ಕೊಡವುವ ಮೊದಲು ಅಂಗೈ ಮೇಲೆ ಹಾಕಿಕೊಂಡು, ಓದುವ ಕನ್ನಡಕ ಏರಿಸಿ ನೋಡಲು ಹೇಳಿ.